ಭರವಸೆಯೂ ಆಸೆಯೇ?

ಇಂದಿನ ಚಿಂತನೆ ಎಂದಿಗಿಂತ ಸ್ವಲ್ಪ ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿ ಓದಲು ಆಗದಿದ್ದರೆ ಸಂಜೆ ಬಿಡುವಾದಾಗ ಓದಿ.

"ಆಸೆಯೇ ದುಃಖಕ್ಕೆ ಮೂಲ" ಎಂಬ ಮಾತು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಶಾಲೆಯ ಗೋಡೆಯ ಮೇಲೆ, ಆಟೋ ಹಿಂದೆ, ಕ್ಯಾಲೆಂಡರಿನಲ್ಲಿ ಎಲ್ಲಾ ಕಡೆ ಕಾಣುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿಯೂ ಬರುತ್ತದೆ. ಆದರೆ ಈ ಮಾತನ್ನು ಒಪ್ಪಿಕೊಂಡ ಕೂಡಲೇ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಹಾಗಾದರೆ ಭರವಸೆ ಏನು? ಅದೂ ಆಸೆಯೇ ಅಲ್ಲವೆ? ನಾಳೆ ಒಳ್ಳೆಯದಾಗಬಹುದು ಎಂದು ಕಾಯುವುದನ್ನೂ ಬಿಡಬೇಕೆ?

ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅಮೆರಿಕದ ಸಿಯಾಟಲ್ ನಗರದ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಾನು ಕಳಿಸುವ ಈ ದಿನದ ಚಿಂತನೆಗಳನ್ನು ತಪ್ಪದೆ ಓದುತ್ತಾನೆ. ಅಲ್ಲಿಗೆ ಹೋದ ಮೇಲೆ ಅವನಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಅಲ್ಲಿನ ತಂಡದ ಹೆಸರು ಸಿಯಾಟಲ್ ಮ್ಯಾರಿನರ್ಸ್. 2025ರ ಸೆಪ್ಟೆಂಬರಿನಲ್ಲಿ ಆ ತಂಡ 18 ಪಂದ್ಯಗಳಲ್ಲಿ 17 ಗೆದ್ದಿತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಅವನ ವಾಯ್ಸ್ ಮೆಸೇಜ್ ಬಂತು: "ಸರ್, ಎಷ್ಟೋ ಸಲ ಇವರನ್ನ ನಂಬಿ ಕೆಟ್ಟಿದೀನಿ. ಈ ಸಲ ನೋಡಲೇಬಾರದು ಅಂದ್ಕೊಂಡಿದ್ದೆ. ಈಗ ಮತ್ತೆ ಆಸೆ ಶುರುವಾಗಿದೆ. ನೀವು ದಿನಾ ಆಸೆ ಬಿಡಿ ಅಂತ ಕಳಿಸ್ತೀರಲ್ಲ, ಇದು ತಪ್ಪಾ ಸರ್?" ಕೊನೆಗೆ ನಗುತ್ತಾ, "ನಾವು ಆರ್‌ಸಿಬಿಯವರು, ಕಾಯೋದು ನಮಗೇನೂ ಹೊಸದಲ್ಲ ಬಿಡಿ" ಎಂದೂ ಸೇರಿಸಿದ್ದ.

ಪ್ರಶ್ನೆ ಆಟದ್ದಾದರೂ ಹಗುರವಾದದ್ದಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಆ ಆಟದ ಬಗ್ಗೆ ನಾಲ್ಕು ಮಾತು ತಿಳಿದಿರಬೇಕು.

ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ. ಅಂದರೆ ಆರು ತಿಂಗಳು ಹೆಚ್ಚುಕಡಿಮೆ ದಿನಾ ಆಟ. ಬಹಳ ಒಳ್ಳೆಯ ತಂಡವೂ 60ರಷ್ಟು ಪಂದ್ಯ ಸೋಲುತ್ತದೆ. ಕಳಪೆ ತಂಡವೂ ಸಾಮಾನ್ಯವಾಗಿ 50ರ ಆಸುಪಾಸು ಗೆಲ್ಲುತ್ತದೆ. ಹಾಗಾಗಿ ಒಂದು ದಿನದ ಗೆಲುವನ್ನೋ ಸೋಲನ್ನೋ ತಲೆಗೆ ಹಚ್ಚಿಕೊಂಡರೆ ಆ ಆಟವನ್ನು ನೋಡಲಿಕ್ಕೇ ಆಗುವುದಿಲ್ಲ. 2022ರಿಂದ 12 ತಂಡಗಳಿಗೆ ಪ್ಲೇಆಫ್‌ಗೆ ಅವಕಾಶವಿದೆ. ಅವುಗಳಲ್ಲಿ ಎರಡು ತಂಡ ಕೊನೆಗೆ ವರ್ಲ್ಡ್ ಸೀರೀಸ್ ಆಡುತ್ತವೆ, ಒಂದು ಗೆಲ್ಲುತ್ತದೆ. ಉಳಿದ 29 ತಂಡಗಳ ಅಭಿಮಾನಿಗಳಿಗೆ ವರ್ಷ ಮುಗಿಯುವುದು ನಿರಾಸೆಯಲ್ಲೇ. ಪ್ರತಿ ವರ್ಷವೂ ಹೀಗೆಯೇ.

ಸಿಯಾಟಲ್ ತಂಡ ಶುರುವಾದದ್ದು 1977ರಲ್ಲಿ. ಇವತ್ತಿನವರೆಗೆ ಒಮ್ಮೆಯೂ ವರ್ಲ್ಡ್ ಸೀರೀಸ್ ಆಡದ ತಂಡ ಲೀಗ್‌ನಲ್ಲಿ ಇದೊಂದೇ. 2001ರಲ್ಲಿ ಅದು 162ರಲ್ಲಿ 116 ಪಂದ್ಯ ಗೆದ್ದು 1906ರ ಶಿಕಾಗೊ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿತು. ಅಷ್ಟು ಗೆದ್ದರೂ ವರ್ಲ್ಡ್ ಸೀರೀಸ್ ಬಾಗಿಲ ತನಕ ಹೋಗಿ ವಾಪಸ್ ಬಂತು. ಆಮೇಲೆ 20 ವರ್ಷ, 2002ರಿಂದ 2021ರವರೆಗೆ, ಪ್ಲೇಆಫ್ ಅಂಗಳಕ್ಕೇ ಕಾಲಿಡಲಿಲ್ಲ. 2001ರಲ್ಲಿ ಹುಟ್ಟಿದ ಮಗು ಕಾಲೇಜು ಮುಗಿಸುವ ವಯಸ್ಸಿಗೆ ಬಂದಿತ್ತು.

2022ರ ಸೆಪ್ಟೆಂಬರ್ 30ರಂದು ಓಕ್ಲೆಂಡ್ ತಂಡದ ಎದುರು ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, 1-1 ಸಮನಾಗಿದ್ದಾಗ, ಎರಡು ಔಟ್ ಆಗಿದ್ದಾಗ, ಬದಲಿ ಬ್ಯಾಟರ್ ಆಗಿ ಬಂದ ಕಾಲ್ ರಾಲಿ ಚೆಂಡನ್ನು ಮೈದಾನದ ಆಚೆಗೆ ಹೊಡೆದ. ಆ ಒಂದು ಹೊಡೆತಕ್ಕೆ ಬರಗಾಲ ಮುಗಿಯಿತು. 21 ವರ್ಷಗಳ ನಂತರ ಆ ಊರಿನಲ್ಲಿ ನಡೆದ ಮೊದಲ ಪ್ಲೇಆಫ್ ಪಂದ್ಯ ಅಕ್ಟೋಬರ್ 15ರದ್ದು. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದದ್ದು 18 ಇನ್ನಿಂಗ್ಸ್ ನಡೆಯಿತು. 6 ಗಂಟೆ 22 ನಿಮಿಷ! ಕೊನೆಗೆ ಹ್ಯೂಸ್ಟನ್ ತಂಡ 1-0ರಿಂದ ಗೆದ್ದಿತು, ಸಿಯಾಟಲ್‌ನ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. 2023ರಲ್ಲಿ ಒಂದೇ ಒಂದು ಗೆಲುವಿನ ಕೊರತೆಯಿಂದ ಪ್ಲೇಆಫ್ ತಪ್ಪಿತು. 2024ರ ಜೂನ್‌ನಲ್ಲಿ ತನ್ನ ವಿಭಾಗದಲ್ಲಿ ಹತ್ತು ಪಂದ್ಯಗಳಷ್ಟು ಮುಂದಿದ್ದ ತಂಡ ಅದನ್ನೂ ಕಳೆದುಕೊಂಡು ಮತ್ತೆ ಒಂದು ಗೆಲುವಿನ ಕೊರತೆಯಿಂದಲೇ ಹೊರಬಿತ್ತು. ಇದೆಲ್ಲ ಅನುಭವಿಸಿದವನು 2025ರ ಸೆಪ್ಟೆಂಬರಿನಲ್ಲಿ "ಮತ್ತೆ ಆಸೆ ಶುರುವಾಗಿದೆ" ಎಂದರೆ ಆ ಮಾತಿನ ಭಾರ ನಮಗೆ ಅರ್ಥವಾಗಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಮೊದಲನೆಯದಾಗಿ ಪದದ ವಿಚಾರ. ಬುದ್ಧರು ದುಃಖದ ಮೂಲ ಎಂದು ತೋರಿಸಿದ್ದು "ತಣ್ಹಾ". ಸಂಸ್ಕೃತದಲ್ಲಿ ತೃಷ್ಣೆ. ನೇರ ಅರ್ಥ ಬಾಯಾರಿಕೆ, ದಾಹ. ಎಷ್ಟು ಕುಡಿದರೂ ಇನ್ನೂ ಬೇಕೆನ್ನುವ ದಾಹ. ಪಾಳಿಯಲ್ಲಿ "ಆಸಾ" ಎಂಬ ಬೇರೆಯೇ ಪದವಿದೆ. ಅದು ನಿರೀಕ್ಷೆಗೆ, ಭರವಸೆಗೆ ಹತ್ತಿರದ್ದು. ಕನ್ನಡದಲ್ಲಿ ನಾವು ಎರಡನ್ನೂ "ಆಸೆ" ಎಂಬ ಒಂದೇ ಚೀಲಕ್ಕೆ ಹಾಕಿಬಿಟ್ಟಿದ್ದೇವೆ. "ದುಡ್ಡಿನ ಆಸೆ" ಎಂದಾಗಲೂ ಆಸೆ, "ಮಗ ಚೆನ್ನಾಗಿ ಓದಲಿ ಅಂತ ಆಸೆ" ಎಂದಾಗಲೂ ಆಸೆ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.

ಆಸಾ ಎಂಬುದಕ್ಕೂ ಬುದ್ಧರು ಪೂರ್ತಿ ಪರವಾನಗಿ ಕೊಟ್ಟಿಲ್ಲ ಎನ್ನುವುದೂ ನಿಜ. ಬಿಡಲು ಕಷ್ಟವಾದ ಎರಡು ಆಸೆಗಳಿವೆ, ಒಂದು ಲಾಭದ್ದು, ಇನ್ನೊಂದು ಬದುಕಿನದ್ದು ಎಂದು ಅಂಗುತ್ತರ ನಿಕಾಯದಲ್ಲಿ ಬರುತ್ತದೆ. ಆದರೆ ಅದೇ ನಿಕಾಯದಲ್ಲಿ ಇನ್ನೊಂದು ಸುತ್ತವಿದೆ. ನಮ್ಮ ಪ್ರಶ್ನೆಗೆ ಅದು ನೇರವಾಗಿ ಸಂಬಂಧಪಟ್ಟದ್ದು. ಲೋಕದಲ್ಲಿ ಮೂರು ಬಗೆಯ ವ್ಯಕ್ತಿಗಳು ಇದ್ದಾರೆ ಎಂದು ಬುದ್ಧರು ಅಲ್ಲಿ ಹೇಳುತ್ತಾರೆ. ಭರವಸೆ ಇಲ್ಲದವನು, ಭರವಸೆ ಇರುವವನು, ಭರವಸೆಯನ್ನು ದಾಟಿದವನು.

ಇದಕ್ಕೆ ಅವರು ಕೊಡುವ ಹೋಲಿಕೆ ಪಟ್ಟಾಭಿಷೇಕದ್ದು. ಹೊಟ್ಟೆಗೂ ಬಟ್ಟೆಗೂ ಪರದಾಡುವ ಒಬ್ಬ ಬಡವನಿದ್ದಾನೆ. ಎಲ್ಲೋ ಒಬ್ಬ ರಾಜಕುಮಾರನಿಗೆ ಪಟ್ಟ ಕಟ್ಟಿದರಂತೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದರೂ "ನನಗೆ ಯಾವಾಗ?" ಎಂಬ ಯೋಚನೆ ಅವನಲ್ಲಿ ಹುಟ್ಟುವುದೇ ಇಲ್ಲ. ಅವನು ಭರವಸೆ ಇಲ್ಲದವನು. ರಾಜನ ಹಿರಿಯ ಮಗ, ವಯಸ್ಸಿಗೆ ಬಂದವನು, ಅದೇ ಸುದ್ದಿ ಕೇಳಿ "ನನಗೆ ಯಾವಾಗ?" ಎಂದುಕೊಳ್ಳುತ್ತಾನೆ. ಅವನು ಭರವಸೆ ಇರುವವನು. ಆಗಲೇ ಪಟ್ಟವೇರಿರುವ ರಾಜನಿಗೂ ಆ ಪ್ರಶ್ನೆ ಹುಟ್ಟುವುದಿಲ್ಲ. ಏಕೆಂದರೆ ಅವನ ಆ ಹಂಬಲ ತಣಿದಿದೆ. ಅವನು ಭರವಸೆಯನ್ನು ದಾಟಿದವನು.

ಆಮೇಲೆ ಬುದ್ಧರು ಇದನ್ನು ಭಿಕ್ಷುಗಳಿಗೆ ಅನ್ವಯಿಸುತ್ತಾರೆ. ಶೀಲ ಕೆಟ್ಟವನು ಮೊದಲನೆಯವನು. ಒಳ್ಳೆಯ ನಡತೆಯಲ್ಲಿದ್ದು "ನನಗೆ ಬಿಡುಗಡೆ ಯಾವಾಗ?" ಎಂದು ಹಂಬಲಿಸುವವನು ಎರಡನೆಯವನು. ಅರಹಂತ ಮೂರನೆಯವನು.

ಇಲ್ಲಿ ಒಂದು ಕ್ಷಣ ನಿಂತು ಗಮನಿಸಬೇಕು. ಮೊದಲನೆಯವನಲ್ಲೂ ಮೂರನೆಯವನಲ್ಲೂ ಭರವಸೆ ಇಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ತರಹ. ಇಬ್ಬರೂ "ನನಗೇನೂ ಬೇಡ" ಎನ್ನುವವರೇ. ಆದರೆ ಒಬ್ಬ ತೀರ ಕೆಳಗಿದ್ದಾನೆ, ಇನ್ನೊಬ್ಬ ತೀರ ಮೇಲಿದ್ದಾನೆ. ನಡುವೆ ನಿಂತಿರುವ ಭರವಸೆಯವನು ಮೊದಲನೆಯವನಿಗಿಂತ ಮೇಲಿನವನು, ಕೆಳಗಿನವನಲ್ಲ. ಭರವಸೆ ಕಳೆದುಕೊಂಡದ್ದನ್ನು ವೈರಾಗ್ಯ ಎಂದು ಕರೆಯಲು ಈ ಸುತ್ತದಲ್ಲಿ ಎಡೆಯೇ ಇಲ್ಲ.

ನಮ್ಮ ಸುತ್ತ ಇದು ದಿನಾ ಕಾಣುವ ವಿಷಯ. "ನಾನು ಯಾರಿಂದಲೂ ಏನನ್ನೂ ನಿರೀಕ್ಷೆ ಮಾಡಲ್ಲಪ್ಪ" ಎಂದು ಹೇಳುವವರು ಎಷ್ಟೋ ಜನ ಇದ್ದಾರೆ. ಕೆಲವರಲ್ಲಿ ಅದು ನಿಜವಾದ ಸಮಾಧಾನ. ಬಹಳ ಜನರಲ್ಲಿ ಅದು ಹಳೆಯ ಗಾಯ. ಮತ್ತೆ ನೋವಾಗುತ್ತದೆ ಎಂಬ ಹೆದರಿಕೆಗೆ ಬಾಗಿಲು ಹಾಕಿಕೊಂಡು ಕೂತವರು ಅವರು. ನನ್ನ ವಿದ್ಯಾರ್ಥಿ "ಈ ಸಲ ನೋಡಲೇಬಾರದು ಅಂದ್ಕೊಂಡಿದ್ದೆ" ಎಂದದ್ದೂ ಇದೇ. ಅದು ತೃಷ್ಣೆಯನ್ನು ಬಿಟ್ಟದ್ದಲ್ಲ. ಗೆಲುವು ಬೇಕೇ ಬೇಕು, ಆದರೆ ಸೋಲಿನ ನೋವು ಬೇಡ ಎಂಬ ತೃಷ್ಣೆಯ ಇನ್ನೊಂದು ವೇಷ. ನಿಜವಾಗಿ ಬಿಟ್ಟವನಿಗೆ ಆಟ ನೋಡಲು ಹೆದರಿಕೆ ಯಾಕಿರಬೇಕು?

ಹಾಗಾದರೆ ಭರವಸೆ ಎಲ್ಲಿ ಕೆಡುತ್ತದೆ? ನನಗೆ ಕಾಣುವುದು ಎರಡು ಜಾಗ. ಬೇಸ್‌ಬಾಲಿನ ಸೆಪ್ಟೆಂಬರ್ ಎರಡನ್ನೂ ಚೆನ್ನಾಗಿ ತೋರಿಸುತ್ತದೆ.

ಒಂದು, ನನ್ನ ಹಂಬಲದಿಂದಲೇ ಫಲ ಬರುತ್ತದೆ ಎಂದುಕೊಂಡಾಗ. ತಂಡ ಹಿಂದೆ ಬಿದ್ದಾಗ ಟೋಪಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳುವುದು ಅಲ್ಲಿನ ಅಭಿಮಾನಿಗಳ ಹಳೆಯ ಪದ್ಧತಿ. ಹಾಗೆ ಮಾಡಿದರೆ ಅದೃಷ್ಟ ತಿರುಗುತ್ತದಂತೆ. ನಮ್ಮಲ್ಲೂ ಕ್ರಿಕೆಟ್ ನೋಡುವಾಗ ಕೂತ ಜಾಗ ಬಿಟ್ಟು ಏಳದವರು ಇದ್ದಾರೆ. ತಮಾಷೆಗೆ ಇದ್ದರೆ ಇರಲಿ. ಆದರೆ ಮಜ್ಝಿಮ ನಿಕಾಯದ ಭೂಮಿಜ ಸುತ್ತದಲ್ಲಿ ಬುದ್ಧರು ಇದನ್ನು ಬಹಳ ಸ್ಪಷ್ಟವಾಗಿ ಬಿಡಿಸಿ ಹೇಳಿದ್ದಾರೆ. ಎಣ್ಣೆ ಬೇಕು ಎಂದು ಮರಳನ್ನು ಹಿಂಡಿದರೆ, ಎಷ್ಟು ಆಸೆ ಇಟ್ಟುಕೊಂಡು ಹಿಂಡಿದರೂ ಎಣ್ಣೆ ಬರುವುದಿಲ್ಲ. ಎಳ್ಳನ್ನು ಹಿಂಡಿದರೆ, ಆಸೆ ಇಟ್ಟುಕೊಂಡು ಹಿಂಡಿದರೂ ಬರುತ್ತದೆ, ಇಟ್ಟುಕೊಳ್ಳದೆ ಹಿಂಡಿದರೂ ಬರುತ್ತದೆ. ಹಸುವಿನ ಕೊಂಬು ಹಿಂಡಿದರೆ ಹಾಲಿಲ್ಲ, ನೀರು ಕಡೆದರೆ ಬೆಣ್ಣೆಯಿಲ್ಲ, ಹಸಿ ಕಟ್ಟಿಗೆ ಉಜ್ಜಿದರೆ ಬೆಂಕಿಯಿಲ್ಲ. ಫಲ ಬರುವುದು ಸರಿಯಾದ ಕೆಲಸದಿಂದ. ಭರವಸೆ ಆ ಕೆಲಸದ ಜೊತೆಗಾರನಾಗಬಹುದು, ಆ ಕೆಲಸದ ಬದಲಿಗೆ ಬರಲಾರದು.

ಅಭಿಮಾನಿಯ ಸ್ಥಿತಿ ಇನ್ನೂ ವಿಚಿತ್ರ. ಎಳ್ಳೂ ಅವನ ಕೈಯಲ್ಲಿಲ್ಲ, ಗಾಣವೂ ಅವನ ಕೈಯಲ್ಲಿಲ್ಲ. ಚೆಂಡು ಎಸೆಯುವವನು ಬೇರೆ, ಹೊಡೆಯುವವನು ಬೇರೆ. ಹೀಗಿದ್ದೂ ಅವನು ಕಾಯುತ್ತಾನೆ. ಹಾಗಾಗಿ ಅವನ ಭರವಸೆಯನ್ನು ಫಲದಿಂದ ಅಳೆಯಲು ಬರುವುದಿಲ್ಲ. ಅದು ಅವನ ಮನಸ್ಸಿಗೆ ಏನು ಮಾಡುತ್ತಿದೆ ಎಂಬುದರಿಂದಲೇ ಅಳೆಯಬೇಕು.

ಭರವಸೆ ಕೆಡುವ ಎರಡನೆಯ ಜಾಗ ಇಲ್ಲೇ ಇದೆ. ಸೆಪ್ಟೆಂಬರಿನಲ್ಲಿ ಅಲ್ಲಿ "ಮ್ಯಾಜಿಕ್ ನಂಬರ್" ಎಂಬ ಲೆಕ್ಕ ನಡೆಯುತ್ತದೆ. ಮುಂದಿರುವ ತಂಡ ಒಂದು ಪಂದ್ಯ ಗೆದ್ದರೆ ಆ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ಹಿಂದೆ ಬರುತ್ತಿರುವ ತಂಡ ಒಂದು ಪಂದ್ಯ ಸೋತರೂ ಒಂದು ಕಡಿಮೆಯಾಗುತ್ತದೆ. ಸೊನ್ನೆಗೆ ಬಂದರೆ ಸ್ಥಾನ ಖಚಿತ. ಲೆಕ್ಕವೇನೋ ಸರಿ. ಆದರೆ ಮನಸ್ಸಿನಲ್ಲಿ ಏನಾಗುತ್ತದೆ ನೋಡಿ. ನಮ್ಮ ಗೆಲುವಿಗೂ ಇನ್ನೊಬ್ಬರ ಸೋಲಿಗೂ ಒಂದೇ ತೂಕ ಬಂದುಬಿಡುತ್ತದೆ. ಏಪ್ರಿಲ್‌ನಲ್ಲಿ ಯಾವ ಊರಿನ ತಂಡದ ಹೆಸರನ್ನೂ ನೆನೆಯದವನು ಸೆಪ್ಟೆಂಬರಿನಲ್ಲಿ ಆ ತಂಡದ ಆಟಗಾರ ಎಡವಲಿ ಎಂದು ಬಯಸುತ್ತಾ ಕೂರುತ್ತಾನೆ. 2021ರ ಅಕ್ಟೋಬರ್ 3, ಲೀಗ್‌ನ ಕೊನೆಯ ದಿನ. ಸಿಯಾಟಲ್ ತಾನು ಗೆಲ್ಲಬೇಕಿತ್ತು, ಜೊತೆಗೆ ಬಾಸ್ಟನ್ ಅಥವಾ ನ್ಯೂಯಾರ್ಕ್ ಸೋಲಬೇಕಿತ್ತು. ಬಾಸ್ಟನ್ನೂ ನ್ಯೂಯಾರ್ಕೂ ಗೆದ್ದವು, ಸಿಯಾಟಲ್ ಸೋತಿತು.

ಇದು ಆಟಕ್ಕೆ ಮಾತ್ರ ಸೀಮಿತವಲ್ಲ ಎಂದು ಬೇರೆ ಹೇಳಬೇಕಿಲ್ಲ. ಒಂದೇ ಹುದ್ದೆಗೆ ನೂರು ಅರ್ಜಿ, ಒಂದೇ ಸೀಟಿಗೆ ಸಾವಿರ ಮಕ್ಕಳು. ನನ್ನ ಮಗಳಿಗೆ ಒಳ್ಳೆಯ ರ‍್ಯಾಂಕ್ ಬರಲಿ ಎಂಬ ಭರವಸೆ ಯಾವ ಗಳಿಗೆಯಲ್ಲಿ ಪಕ್ಕದ ಮನೆಯ ಹುಡುಗಿಗೆ ಬರದಿರಲಿ ಎಂದು ತಿರುಗುತ್ತದೋ ನಮಗೇ ಗೊತ್ತಾಗುವುದಿಲ್ಲ. ಭರವಸೆಗೆ ಮೈತ್ರಿಯ ಕಾವಲು ಬೇಕು ಎನ್ನುವುದು ಇದಕ್ಕೇ. ಇನ್ನೊಬ್ಬರ ಒಳಿತಿಗೆ ಸಂತೋಷಪಡುವ ಮುದಿತೆ ಸುಮ್ಮನೆ ಬರುವ ಗುಣವಲ್ಲ. ನಮಗೆ ಬೇಕಾದದ್ದೇ ಇನ್ನೊಬ್ಬರಿಗೆ ಸಿಕ್ಕ ದಿನ ಅದರ ಪರೀಕ್ಷೆ.

ಅದೇ 2021ರ ಅಕ್ಟೋಬರ್ 3ರಂದು ಇನ್ನೊಂದು ಸಂಗತಿಯೂ ನಡೆಯಿತು. ಕೈಲ್ ಸೀಗರ್ ಎಂಬ ಆಟಗಾರ 2011ರಿಂದ ಅದೇ ತಂಡದಲ್ಲಿ, ಮೂರನೆಯ ಬೇಸ್ ಕಾಯುತ್ತಾ 11 ವರ್ಷ ಆಡಿದ್ದ. ಒಮ್ಮೆಯೂ ಪ್ಲೇಆಫ್ ಕಂಡವನಲ್ಲ. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಅವನನ್ನು ಮೈದಾನದಿಂದ ಹೊರಗೆ ಕರೆದರು. ಸೋಲು ಕಣ್ಣೆದುರಿಗಿತ್ತು. ಆದರೂ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನ ಕಣ್ಣಲ್ಲಿ ನೀರು. ಡಿಸೆಂಬರಿನಲ್ಲಿ ಅವನು ನಿವೃತ್ತನಾದ. ಮುಂದಿನ ವರ್ಷವೇ ತಂಡ ಪ್ಲೇಆಫ್‌ಗೆ ಹೋಯಿತು. ಫೆಲಿಕ್ಸ್ ಹೆರ್ನಾಂಡೆಸ್ ಎಂಬ ದೊಡ್ಡ ಬೌಲರ್, ಅಲ್ಲಿನ ಭಾಷೆಯಲ್ಲಿ ಪಿಚ್ಚರ್, 2005ರಿಂದ 2019ರವರೆಗೆ ಅಲ್ಲೇ ಆಡಿ ಒಂದೇ ಒಂದು ಪ್ಲೇಆಫ್ ಪಂದ್ಯವಿಲ್ಲದೆ ಹೋದ.

ಸರಿಯಾದ ಕೆಲಸಕ್ಕೆ ಫಲ ಬರುತ್ತದೆ ಎಂದು ಈಗ ತಾನೇ ಹೇಳಿದೆವಲ್ಲ, ಇವರಿಗೆ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭೂಮಿಜ ಸುತ್ತ ಹೇಳುವುದು ಬಿಡುಗಡೆಯ ದಾರಿಯ ಬಗ್ಗೆ. ಅಲ್ಲಿ ಎಳ್ಳೂ ನಮ್ಮದೇ, ಗಾಣವೂ ನಮ್ಮದೇ. ಲೋಕದ ಗೆಲುವು ಹಾಗಲ್ಲ. ಅದಕ್ಕೆ ಇನ್ನೂ ಹತ್ತಾರು ಕಾರಣಗಳು, ಹತ್ತಾರು ಜನ ಸೇರಬೇಕು. ಲಾಭ ಅಲಾಭ, ಯಶಸ್ಸು ಅಪಯಶಸ್ಸು, ನಿಂದೆ ಪ್ರಶಂಸೆ, ಸುಖ ದುಃಖ ಎಂಬ ಎಂಟು ಲೋಕಧರ್ಮಗಳು ಚಕ್ರದಂತೆ ತಿರುಗುತ್ತವೆ ಎಂದು ಬುದ್ಧರು ಹೇಳಿದ್ದು ಇದನ್ನೇ. ಆದರೆ ಆ ಚಪ್ಪಾಳೆ ಯಾವುದಕ್ಕೆ ಬಿತ್ತು? ಗೆಲುವಿಗಂತೂ ಅಲ್ಲ. 11 ವರ್ಷ ದಿನಾ ಬಂದು ಮಾಡಿದ ಕೆಲಸಕ್ಕೆ. ಭರವಸೆ ಮುಗಿದ ಆ ಗಳಿಗೆಯಲ್ಲಿ ಜನರಲ್ಲಿ ಉಳಿದದ್ದು ಕೃತಜ್ಞತೆ. ಒಳ್ಳೆಯ ಭರವಸೆ ಯಾವುದು ಎಂದು ತಿಳಿಯಲು ಇದೊಂದು ಗುರುತು. ಅದು ಮುರಿದಾಗ ಕಹಿ ಉಳಿಯಿತೋ ಕೃತಜ್ಞತೆ ಉಳಿಯಿತೋ ನೋಡಿಕೊಳ್ಳಬೇಕು.

ನನ್ನ ವಿದ್ಯಾರ್ಥಿಯ ಪ್ರಶ್ನೆಯ ಹಿಂದೆ ಇನ್ನೊಂದು ಕಾಯುವಿಕೆಯೂ ಇತ್ತು. ಅವನು ಗ್ರೀನ್ ಕಾರ್ಡ್ ಸಾಲಿನಲ್ಲಿದ್ದಾನೆ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸಾಲು ಬಹಳ ಉದ್ದ. ಪ್ರತಿ ತಿಂಗಳೂ ಅಲ್ಲಿನ ಸರ್ಕಾರ ಒಂದು ಪಟ್ಟಿ ಹೊರಡಿಸುತ್ತದೆ. ದಿನಾಂಕ ಕೆಲವೊಮ್ಮೆ ಮುಂದೆ ಹೋಗುತ್ತದೆ, ಕೆಲವೊಮ್ಮೆ ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಊರಿನಲ್ಲಿ ತಾಯಿ ಪ್ರತಿ ಫೋನಿನಲ್ಲೂ "ಯಾವಾಗ ಬರ್ತೀಯಪ್ಪಾ?" ಎನ್ನುತ್ತಾರೆ. ಅವನು ಹೇಳಿದ ಮಾತು ಇದು: "ಸರ್, ಬೇಸ್‌ಬಾಲಿನಲ್ಲಿ ಕೊನೇಪಕ್ಷ ಸೆಪ್ಟೆಂಬರ್ ಕೊನೆಗೆ ಹೌದೋ ಅಲ್ಲವೋ ಹೇಳಿಬಿಡ್ತಾರೆ."

ಈ ಮಾತಿನಲ್ಲಿ ಆಳವಾದ ವಿವೇಕವಿದೆ. ಆಟದ ಭರವಸೆಗೆ ಕೊನೆಯ ದಿನಾಂಕವಿದೆ. ಮುರಿದರೆ ಮುರಿಯುತ್ತದೆ, ಅಳುತ್ತೇವೆ, ಏಪ್ರಿಲ್‌ಗೆ ಮತ್ತೆ ಸೊನ್ನೆಯಿಂದ ಶುರು. ಬದುಕಿನ ಭರವಸೆಗೆ ಅಂಥ ಅನುಕೂಲವಿಲ್ಲ. ಆದ್ದರಿಂದಲೇ ಆಟ ಒಂದು ಒಳ್ಳೆಯ ಅಭ್ಯಾಸದ ಅಂಗಳ. ಈಜು ಕಲಿಯುವವರು ಮೊದಲು ಆಳವಿಲ್ಲದ ಕಡೆ ಇಳಿಯುವ ಹಾಗೆ, ಸಣ್ಣದೊಂದು ಭರವಸೆಯನ್ನು ತೆರೆದ ಕೈಯಲ್ಲಿ ಹಿಡಿದು ಕಲಿತರೆ, ದೊಡ್ಡದನ್ನು ಹಿಡಿಯುವಾಗ ಕೈ ಕಡಿಮೆ ನಡುಗುತ್ತದೆ.

2025ರ ಕಥೆ ಎಲ್ಲಿಗೆ ಬಂತು ಎಂದು ಕೇಳುವಿರಿ. ತಂಡ 2001ರ ನಂತರ ಮೊದಲ ಬಾರಿ ತನ್ನ ವಿಭಾಗವನ್ನು ಗೆದ್ದಿತು. ವರ್ಲ್ಡ್ ಸೀರೀಸ್‌ಗೆ ಒಂದೇ ಮೆಟ್ಟಿಲು ಉಳಿಯಿತು. ಟೊರಾಂಟೊ ವಿರುದ್ಧ ಏಳು ಪಂದ್ಯಗಳ ಸರಣಿಯ ಏಳನೆಯ ಪಂದ್ಯ, ಅಕ್ಟೋಬರ್ 20. ಸಿಯಾಟಲ್ 3-1ರಿಂದ ಮುಂದಿತ್ತು. ಏಳನೆಯ ಇನ್ನಿಂಗ್ಸ್‌ನಲ್ಲಿ ಜಾರ್ಜ್ ಸ್ಪ್ರಿಂಗರ್ ಹೊಡೆದ ಒಂದು ಹೊಡೆತಕ್ಕೆ ಮೂರು ರನ್ ಬಂದು 4-3 ಆಯಿತು. ಆಟ ಹಾಗೆಯೇ ಮುಗಿಯಿತು. ಹನ್ನೆರಡು ದಿನಗಳ ನಂತರ ಅದೇ ಟೊರಾಂಟೊ ತಂಡ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದಲ್ಲಿ, 11ನೆಯ ಇನ್ನಿಂಗ್ಸ್‌ವರೆಗೆ ಹೋರಾಡಿ, ಒಂದೇ ರನ್‌ನಿಂದ ಲಾಸ್ ಏಂಜಲೀಸ್‌ಗೆ ಸೋತಿತು. ಸಿಯಾಟಲ್‌ಗೆ ಆದದ್ದೇ ಟೊರಾಂಟೊಗೂ ಆಯಿತು. ಯಾರ ಮೇಲೆ ಸಿಟ್ಟು ಮಾಡುವುದು?

ನಾನು ವಿದ್ಯಾರ್ಥಿಗೆ ಕೊಟ್ಟ ಉತ್ತರ ಇಷ್ಟೇ. ಆಸೆ ಮತ್ತೆ ಹುಟ್ಟಿದ್ದು ತಪ್ಪಲ್ಲ. ಸುಟ್ಟ ನೆಲದಲ್ಲಿ ಮಳೆ ಬಿದ್ದರೆ ಹುಲ್ಲು ಬರುತ್ತದೆ, ಅದು ಜೀವ ಇರುವುದರ ಲಕ್ಷಣ. ಅದನ್ನು ಕಿತ್ತು ಹಾಕುವ ಆತುರ ಬೇಡ. ಕಾವಲು ಮಾತ್ರ ಇರಲಿ.

ಮಿತ್ರರೇ, ಇಂದು ನಾವೆಲ್ಲರೂ ಯಾವುದೋ ಒಂದಕ್ಕೆ ಕಾಯುತ್ತಿದ್ದೇವೆ. ಒಬ್ಬರಿಗೆ ಮಗನ ಫಲಿತಾಂಶ, ಒಬ್ಬರಿಗೆ ಆಸ್ಪತ್ರೆಯ ರಿಪೋರ್ಟ್, ಒಬ್ಬರಿಗೆ ಮುನಿಸಿಕೊಂಡ ತಮ್ಮನ ಫೋನ್. ಆ ಒಂದನ್ನು ನೆನೆದು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದರಲ್ಲಿ ನಾನು ಮಾಡಬೇಕಾದ ಕೆಲಸ ಏನಾದರೂ ಇದೆಯೆ, ಅದನ್ನು ಮಾಡಿದ್ದೇನೆಯೆ? ನನ್ನ ಈ ಭರವಸೆಯೊಳಗೆ ಇನ್ನೊಬ್ಬರ ಸೋಲು ಎಲ್ಲಾದರೂ ಅಡಗಿದೆಯೆ? ಇದು ಕೈಗೂಡದೇ ಹೋದರೆ, ಕಾದ ದಿನಗಳಿಗೆ ನಾನು ಕೃತಜ್ಞತೆ ಹೇಳಬಲ್ಲೆನೆ?

ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ, ಧೈರ್ಯವಾಗಿ ಭರವಸೆ ಇಟ್ಟುಕೊಳ್ಳಿ. ಸಿಗದಿದ್ದರೆ, ಎಲ್ಲಿ ಸಿಕ್ಕಲಿಲ್ಲವೋ ಅಲ್ಲಿಂದ ಇಂದಿನ ಧ್ಯಾನ ಶುರುವಾಗಲಿ.

ಎಲ್ಲರಿಗೂ ಮಂಗಳವಾಗಲಿ.